ಮೀನಿನ ತೊಟ್ಟಿಗೆ ಸಂಪ್: ಕರೆಂಟ್ ಹೋದಾಗಿನ ಲೆಕ್ಕ ಮೊದಲು ಹಾಕಿ

ನಮ್ಮ ಕೆಂಗೇರಿ, ವಿಜಯನಗರ, ರಾಜಾಜಿನಗರದ ಕಡೆ ಸಂಪ್ ಅಂದರೆ ಕಾವೇರಿ ನೀರು ತುಂಬಿಸುವ, ನೆಲದಡಿಯ ತೊಟ್ಟಿ. ಮೀನು ಸಾಕುವವರ ಸಂಪ್ ಬೇರೆ. ಅಕ್ವೇರಿಯಂ ಸ್ಟ್ಯಾಂಡಿನ ಕೆಳಗೆ ಇಡುವ ಇನ್ನೊಂದು ಗಾಜಿನ ತೊಟ್ಟಿ ಅದು. ಮೇಲಿನ ನೀರು ಪೈಪಿನಲ್ಲಿ ತಾನಾಗಿ ಇಳಿಯುತ್ತೆ, ಸಂಪಿನಲ್ಲಿ ಶುದ್ಧವಾಗುತ್ತೆ, ಪಂಪು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತೆ. ಸಂಪಿನ ಒಂದು ಖಾನೆಯನ್ನು ಗಿಡಗಳಿಗೆ ಬಿಟ್ಟರೆ ಅದೇ ರೆಫ್ಯೂಜಿಯಂ, ಅಂದರೆ ಮೀನು ಬಾಯಿ ಹಾಕದ ಆಶ್ರಯ ತಾಣ.

ಬಣ್ಣದ ಮೀನು ಸಾಕಬೇಕು, ಮರಿ ಮಾಡಿ ಮಾರಬೇಕು ಅಂತಿರುವ ಸ್ನೇಹಿತರು ಮೊದಲು ಕೇಳೋದು ಯಾವ ಫಿಲ್ಟರ್ ಹಾಕಬೇಕು ಅಂತ. ನಾನು ಹೇಳೋದು, ಮೊದಲು ಕರೆಂಟ್ ಹೋದರೆ ಏನಾಗುತ್ತೆ ಅಂತ ಲೆಕ್ಕ ಹಾಕಿ.

ಅಳತೆ ಹೀಗೆ

ನಮ್ಮ ಮನೆಯ ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒಟ್ಟು 9 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಹಾಗಾಗಿ ಸುಮಾರು 255 ಲೀಟರ್. ಇದರಲ್ಲಿ ನೀರು ಒಂದು ಇಂಚು ಇಳಿದರೆ 14 ಲೀಟರ್ ಕೆಳಗೆ ಬರುತ್ತೆ.

ಪಂಪು ನಿಂತಾಗ, ಮೇಲಕ್ಕೆ ನೀರು ಒಯ್ಯುವ ಪೈಪೇ ಸೈಫನ್ ಆಗಿ ನೀರನ್ನು ಕೆಳಕ್ಕೆ ಎಳೆಯುತ್ತೆ. ಪೈಪಿನ ಬಾಯಿಗೆ ಗಾಳಿ ಸಿಗುವವರೆಗೂ ಅದು ನಿಲ್ಲಲ್ಲ. ಬಾಯಿ 2 ಇಂಚು ಆಳದಲ್ಲಿದ್ದರೆ 28 ಲೀಟರ್ ಇಳಿಯುತ್ತೆ. 6 ಇಂಚು ಆಳದಲ್ಲಿದ್ದರೆ 84 ಲೀಟರ್! ರಾತ್ರಿ ಕರೆಂಟ್ ಹೋದರೆ ಬೆಳಗ್ಗೆ ಮನೆಯೆಲ್ಲ ನೀರು.

ಸಂಪ್ 30 ಇಂಚು ಉದ್ದ, 12 ಅಗಲ, 15 ಎತ್ತರ ಇಟ್ಟುಕೊಳ್ಳಿ. ಪಂಪು ಓಡುವಾಗ ನೀರು 9 ಇಂಚಿಗಿರಲಿ. ಮೇಲಿನ 6 ಇಂಚು ಖಾಲಿ ಜಾಗ ಸುಮಾರು 35 ಲೀಟರ್ ಹಿಡಿಯುತ್ತೆ. 28 ಲೀಟರ್ ಜೊತೆ ಪೈಪಿನೊಳಗಿನ ನೀರೂ ಇದರಲ್ಲಿ ಹಿಡಿಸುತ್ತೆ. 9 ಇಂಚಿಗೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ, ಅದರ ಮೇಲೆ ತುಂಬಲೇಬೇಡಿ.

ಮೂರು ಖಾನೆ

1. ಮೊದಲ 8 ಇಂಚು: ಸ್ಪಂಜು, ಅದರ ಕೆಳಗೆ ಸೆರಾಮಿಕ್ ರಿಂಗ್. ಇಲ್ಲಿ ಬ್ಯಾಕ್ಟೀರಿಯಾ ಬೆಳೆದು ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಇದು ಸರಿಯಾಗಿ ಕೂರಲು 4ರಿಂದ 6 ವಾರ ಬೇಕು.
2. ನಡುವಿನ 14 ಇಂಚು: ರೆಫ್ಯೂಜಿಯಂ, ಸುಮಾರು 25 ಲೀಟರ್.
3. ಕೊನೆಯ 8 ಇಂಚು: ಪಂಪು. ಇದರಲ್ಲಿ ಸುಮಾರು 14 ಲೀಟರ್ ಇರುತ್ತೆ. ಇಳಿಯುವ ಪೈಪಿಗೆ ಎಲೆ ಸಿಕ್ಕಿಕೊಂಡರೆ ಪಂಪು ಮೇಲಕ್ಕೆ ತಳ್ಳೋದು ಇಷ್ಟನ್ನೇ. ಮೇಲಿನ ತೊಟ್ಟಿಯಲ್ಲಿ ಎರಡು ಇಂಚು ಖಾಲಿ ಇದ್ದರೆ ತುಳುಕಲ್ಲ. ಆವಿಯಾಗಿ ನೀರು ಕಡಿಮೆಯಾಗೋದೂ ಇದೇ ಖಾನೆಯಲ್ಲಿ, ದಿನಾ ಒಮ್ಮೆ ನೋಡಿ.

ರೆಫ್ಯೂಜಿಯಂ ಒಂದು ಬೆಳೆ

ಸಿಹಿನೀರಿಗೆ ಡಕ್‌ವೀಡ್, ಹಾರ್ನ್‌ವರ್ಟ್ ಹಾಕಿ, ಮನಿ ಪ್ಲಾಂಟಿನ ಬೇರು ಇಳಿಬಿಡಿ. ಅಜೋಲಾ ಮನೆಯಲ್ಲೇ ಇದೆಯಲ್ಲ ಅಂತ ಕೇಳಬಹುದು. ಅಜೋಲಾ ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳುತ್ತೆ, ಹಾಗಾಗಿ ನೀರಿನ ನೈಟ್ರೇಟ್ ಎಳೆಯೋಕೆ ಡಕ್‌ವೀಡೇ ವಾಸಿ. ಅದು ಪಂಪಿಗೆ ಹೋಗದಂತೆ ಬಲೆ ಕಟ್ಟಿ.

ಗಿಡ ಬೆಳೆದರೆ ಸಾಲದು, ಕೊಯ್ಲು ಮಾಡಬೇಕು. ವಾರಕ್ಕೊಮ್ಮೆ ಅರ್ಧ ತೆಗೆದು ಹೊರಗೆ ಹಾಕಿದರೆ ಮಾತ್ರ ನೈಟ್ರೇಟ್ ಹೊರಗೆ ಹೋಗುತ್ತೆ. ಬಿಟ್ಟರೆ ಕೊಳೆತು ಮತ್ತೆ ನೀರಿಗೇ ಸೇರುತ್ತೆ. ತೆಗೆದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ಕೆರೆಗೆ ಅಥವಾ ರಾಜಕಾಲುವೆಗೆ ಎಸೆಯಬೇಡಿ. ಅಲ್ಲಿ ಅದೇ ಕಳೆಯಾಗುತ್ತೆ. ಈ ಖಾನೆಯ ಎಲ್‌ಇಡಿ ದೀಪವನ್ನು ಮೇಲಿನ ದೀಪ ಆರಿದ ಮೇಲೆ ರಾತ್ರಿ ಹಾಕಿ. ರಾತ್ರಿಯೂ ಗಿಡ ಆಮ್ಲಜನಕ ಕೊಡುತ್ತೆ, ಪಿಎಚ್ ಹೆಚ್ಚು ಏರಿಳಿಯಲ್ಲ.

ಮೀನು ಬಿಡುವ ಮೊದಲು

ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತೆ. ಒಂದು ದಿನ ಏರ್ ಪಂಪು ಹಾಕಿಟ್ಟು ಅಥವಾ ಕ್ಲೋರಿನ್ ತೆಗೆಯುವ ದ್ರಾವಣ ಬಳಸಿ ಆಮೇಲೆ ತುಂಬಿ. ಬೇಕಂತಲೇ ಮೂರು ಸಲ ಸ್ವಿಚ್ ಆರಿಸಿ ನೋಡಿ: ಸಂಪ್ ತುಳುಕಬಾರದು, ಸ್ವಿಚ್ ಹಾಕಿದ ತಕ್ಷಣ ನೀರು ತಿರುಗಬೇಕು. ಬ್ಯಾಟರಿಯ ಏರ್ ಪಂಪು ಒಂದಿರಲಿ. ಗಂಟೆಗಟ್ಟಲೆ ಕರೆಂಟ್ ಇಲ್ಲದಿದ್ದರೆ ಮೀನಿನ ಜೊತೆ ಬ್ಯಾಕ್ಟೀರಿಯಾಗೂ ಉಸಿರು ಬೇಕು.

ಹತ್ತು ತೊಟ್ಟಿಗೆ ಒಂದೇ ಸಂಪ್ ಮಾಡೋ ಯೋಚನೆ ಇದ್ದರೆ ಒಂದು ಮಾತು. ಖರ್ಚು ಉಳಿಯುತ್ತೆ, ಆದರೆ ಒಂದು ಮೀನಿನ ರೋಗ ಹತ್ತೂ ತೊಟ್ಟಿಗೆ ಹೋಗುತ್ತೆ. ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಡಿ, ಔಷಧಿಯನ್ನೂ ಅಲ್ಲೇ ಕೊಡಿ. ಬಂಡವಾಳ ಹಾಕುವ ಮುಂಚೆ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರ ಹತ್ತಿರ ಮಾತಾಡಿ. ಬೆಂಗಳೂರಿನ ಸುತ್ತಮುತ್ತಲಿನವರಿಗೆ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇದೆ.

ಗಾಜು ಕತ್ತರಿಸಲು ಕೊಡುವ ಮುಂಚೆ ಮೂರು ಅಂಕಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಒಂದು ಇಂಚಿಗೆ ಎಷ್ಟು ಲೀಟರ್, ಪೈಪಿನ ಬಾಯಿ ಎಷ್ಟು ಆಳ, ಸಂಪಿನಲ್ಲಿ ಎಷ್ಟು ಖಾಲಿ ಜಾಗ.