ಫೇಡರ್ ಎಳೆದರೆ ಚರ್ ಚರ್ ಏಕೆ?



ನಮ್ಮ ಶಾಲಾ ವಾರ್ಷಿಕೋತ್ಸವದ ದಿನ ಪ್ರಾರ್ಥನೆ ಹಾಡುವಾಗ ಸ್ಪೀಕರಿನಲ್ಲಿ ಚರ್ ಚರ್ ಎಂದು ಸದ್ದು ಬಂದದ್ದು ನಿಮಗೆಲ್ಲ ನೆನಪಿರಬಹುದು. ಆಗ ಫೇಡರ್ ಹಿಡಿದು ಕೂತಿದ್ದವಳು ನಾನೇ. ಮೈಕ್ ಸೆಟ್ ನಮ್ಮ ಸೋದರಮಾವನದು. ಫೇಡರ್ ಎಂದರೆ ಧ್ವನಿಯನ್ನು ಹೆಚ್ಚು ಕಡಿಮೆ ಮಾಡಲು ಮೇಲೆ ಕೆಳಗೆ ಜಾರಿಸುವ ಗುಂಡಿ. ಹಾಡು ಶುರುವಾದ ಕೂಡಲೇ ಲ್ಯಾಪ್‌ಟಾಪಿನಿಂದ ಬರುತ್ತಿದ್ದ ಶ್ರುತಿಯನ್ನು ಸ್ವಲ್ಪ ಇಳಿಸು ಎಂದು ಮಾವ ಹೇಳಿದ್ದರು. ಇಳಿಸಿದೆ, ಸದ್ದು ಬಂತು. ಹಾಡುತ್ತಿದ್ದ ಗೆಳತಿ ಎರಡು ಸಾಲು ಬಿಟ್ಟು ನಿಂತುಬಿಟ್ಟಳು. ತನ್ನ ಗಂಟಲೇ ಒಡೆಯಿತು ಅಂದ್ಕೊಂಡಳಂತೆ. ಹಿಂದೆ ಕೂತಿದ್ದವರು "ಹುಡುಗಿ ಕೈಗೆ ಕೊಟ್ರೆ ಇನ್ನೇನಾಗ್ತದೆ" ಅಂದರು. ನನಗೆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಮಾವನ ಮನೆಗೆ ಹೋಗಿ, ಇದನ್ನು ಬಿಚ್ಚಿ ನೋಡೋಣ ಎಂದೆ. ಅವರು ನಕ್ಕು, "ಪುಟ್ಟಿ, ಸದ್ದು ಎಲ್ಲಿಂದ ಬರ್ತದೆ ಅಂತ ಮೊದ್ಲು ಹುಡುಕು, ಆಮೇಲೆ ಸ್ಕ್ರೂಡ್ರೈವರ್ ಮುಟ್ಟು" ಅಂದರು. ಅಂದು ನಾವು ಹುಡುಕಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಲ್ಯಾಪ್‌ಟಾಪಿನ ಒಳಗೆ ಹಾಡು ಎಂದರೆ ಬರೀ ಅಂಕೆಗಳು. ಸಿ.ಡಿ.ಯಲ್ಲಿ ಒಂದೊಂದು ಚಾನೆಲ್‌ಗೆ ಒಂದು ಸೆಕೆಂಡಿಗೆ 44,100 ಅಂಕೆಗಳು ಇರುತ್ತವೆ. ಒಂದೊಂದೂ -32,768 ರಿಂದ 32,767 ರ ಒಳಗೆ ಇರುತ್ತದೆ. ನಾವು ಈಗ ಓದುತ್ತಿರುವ ಪೂರ್ಣಾಂಕಗಳೇ ಇವು! ಡಿಜಿಟಲ್ ಫೇಡರ್ ಮಾಡುವುದು ಗುಣಾಕಾರ, ಅಷ್ಟೇ. ಅಂಕೆ 1000 ಇದ್ದು ಫೇಡರ್ 0.80 ರಲ್ಲಿದ್ದರೆ 800 ಹೊರಗೆ ಬರುತ್ತದೆ.

ಮೊದಲ ಪರೀಕ್ಷೆ. ಹಾಡು ನಿಲ್ಲಿಸಿ ಬರೀ ಫೇಡರ್ ಎಳೆದೆವು. ಸದ್ದೇ ಇಲ್ಲ. ನನಗೆ ಆಶ್ಚರ್ಯವಾಯಿತು, ಏಕೆಂದರೆ ಮಾವನ ಹಳೆಯ ಮಿಕ್ಸರಿನಲ್ಲಿ ಹಾಡಿಲ್ಲದಿದ್ದರೂ ಗುಂಡಿ ಎಳೆದರೆ ಗೊರ ಗೊರ ಅನ್ನುತ್ತಿತ್ತು. ಹಳೆಯದರಲ್ಲಿ ಧ್ವನಿಯ ವಿದ್ಯುತ್ತೇ ಗುಂಡಿಯೊಳಗಿನ ಇಂಗಾಲದ ಪಟ್ಟಿಯ ಮೇಲೆ ಹಾದುಹೋಗುತ್ತದೆ. ಅಲ್ಲಿ ಧೂಳು ಕೂತರೆ, ಸ್ವಲ್ಪ ವಿದ್ಯುತ್ ಸೋರುತ್ತಿದ್ದರೆ, ಹಾಡಿಲ್ಲದಿದ್ದರೂ ಸದ್ದು ಬರುತ್ತದೆ. ಡಿಜಿಟಲ್‌ನಲ್ಲಿ ಹಾಡಿಲ್ಲ ಎಂದರೆ ಅಂಕೆ ಸೊನ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ.

ಎರಡನೆಯದು. ಶ್ರುತಿ ಹಾಕಿ ಫೇಡರಿನಿಂದ ಕೈ ತೆಗೆದೆವು. ಐದು ನಿಮಿಷ ಕೇಳಿದರೂ ಸದ್ದಿಲ್ಲ. ಇದನ್ನು ನೋಡಲೇಬೇಕು, ಏಕೆಂದರೆ ಕಂಪ್ಯೂಟರ್ ಸುಸ್ತಾದರೂ ಇದೇ ಥರ ಪಟ ಪಟ ಅನ್ನುತ್ತದೆ. ಅದು ಅಂಕೆಗಳನ್ನು ಕಂತೆ ಕಂತೆಯಾಗಿ ಕಳಿಸುತ್ತದೆ. 512 ಅಂಕೆಯ ಕಂತೆ ಮುಗಿಯಲು ಸುಮಾರು 11.6 ಮಿಲಿಸೆಕೆಂಡು. ಪಂಕ್ತಿ ಊಟದಲ್ಲಿ ಎಲೆ ಮೇಲಿನ ಅನ್ನ ಮುಗಿಯುವುದರೊಳಗೆ ಬಡಿಸುವವನು ಬರಬೇಕಲ್ಲ, ಹಾಗೆ ಅಷ್ಟರೊಳಗೆ ಮುಂದಿನ ಕಂತೆ ಸಿದ್ಧವಾಗಬೇಕು. ತಡವಾದರೆ ಸ್ಪೀಕರ್ ಉಪವಾಸ, ಅದೇ ಪಟ ಪಟ. ಕಂತೆ ದೊಡ್ಡದು ಮಾಡಿದರೆ ಸರಿಯಾಗುತ್ತದೆ, ಆದರೆ 1024 ಮಾಡಿದರೆ ಒಂದು ಕಂತೆಗೇ 23 ಮಿಲಿಸೆಕೆಂಡು ಹಿಡಿದು ಹಾಡುವವರಿಗೆ ತಮ್ಮ ದನಿಯೇ ತಡವಾಗಿ ಕೇಳಿಸುತ್ತದೆ. ನಮಗೆ ಈ ರೋಗ ಇರಲಿಲ್ಲ.

ಮೂರನೆಯದೇ ಮುಖ್ಯ. ಪೆಟ್ಟಿಗೆಯ ಫೇಡರ್ ಮುಟ್ಟದೆ ಪರದೆಯ ಮೇಲಿನದನ್ನು ಮೌಸ್‌ನಿಂದ ಎಳೆದೆವು. ಸ್ವಲ್ಪ ಕಡಿಮೆಯಾದರೂ ಸದ್ದು ಬಂತು! ಮೌಸ್‌ಗೂ ಫೇಡರಿನ ಧೂಳಿಗೂ ಏನು ಸಂಬಂಧ? ಆದ್ದರಿಂದ ತಪ್ಪು ಲೆಕ್ಕದೊಳಗೇ ಇತ್ತು. ಗುಣಿಸುವ ಅಂಕೆ 0.80 ಇದ್ದದ್ದು ಇದ್ದಕ್ಕಿದ್ದಂತೆ 0.70 ಆದರೆ 800 ಇರಬೇಕಾದ ಕಡೆ 700 ಬಂದುಬಿಡುತ್ತದೆ. ನುಣುಪಾದ ಅಲೆಯಲ್ಲಿ ಒಂದು ಮೆಟ್ಟಿಲು ಮುರಿದ ಹಾಗೆ. ಸ್ಪೀಕರ್ ಅಲ್ಲಿ ಟಕ್ ಅನ್ನುತ್ತದೆ. ಒಂದು ಕಂತೆಗೆ ಒಂದೇ ಸಲ ಫೇಡರ್ ನೋಡಿದರೂ ಸೆಕೆಂಡಿಗೆ 86 ಟಕ್. ಎಲ್ಲ ಸೇರಿ ಬ್ಯಾಗಿನ ಜಿಪ್ ಎಳೆದ ಹಾಗೆ ಕೇಳುತ್ತದೆ. ಇದಕ್ಕೆ ಜಿಪ್ಪರ್ ನಾಯ್ಸ್ ಎಂದೇ ಹೆಸರು. ಡೊಳ್ಳು ಬಡಿಯುವಾಗ ಇದು ಗೊತ್ತಾಗುವುದಿಲ್ಲ. ಶ್ರುತಿಯಂತೆ ಒಂದೇ ಸಮ ಎಳೆಯುವ ಧ್ವನಿಯಲ್ಲಿ ಎದ್ದು ಕೇಳುತ್ತದೆ. ನಾನು ಅಂದು ಫೇಡರನ್ನು ಸರ್ರನೆ ಎಳೆದದ್ದೂ ನಿಜ. ಬೇಗ ಎಳೆದಷ್ಟೂ ಮೆಟ್ಟಿಲು ದೊಡ್ಡದಾಗುತ್ತದೆ.

ಇದಕ್ಕೆ ಮದ್ದು ಸುಲಭ. 0.80 ರಿಂದ 0.70 ಕ್ಕೆ ನೆಗೆಯದೆ ಮೆಲ್ಲಗೆ ಇಳಿಯಬೇಕು. 10 ಮಿಲಿಸೆಕೆಂಡಿನಲ್ಲಿ 441 ಅಂಕೆಗಳಿವೆ. ಒಂದೊಂದಕ್ಕೆ ಸುಮಾರು 0.00023 ರಂತೆ ಇಳಿಸಿದರೆ ಕಿವಿಗೆ ಮೆಟ್ಟಿಲೇ ತಿಳಿಯದು. ಮಾವನ ಸಾಫ್ಟ್‌ವೇರಿನ ಮುಖ್ಯ ಫೇಡರ್ ಇದನ್ನು ತಾನೇ ಮಾಡುತ್ತದೆ. ಆದರೆ ಮಾವ ನಮ್ಮ ಫೇಡರನ್ನು ಅದಕ್ಕೆ ಜೋಡಿಸದೆ, ಮೆಲ್ಲಗಿಳಿಸಲು ಬಾರದ ಒಂದು ಪ್ಲಗಿನ್‌ನ ವಾಲ್ಯೂಮಿಗೆ ಜೋಡಿಸಿದ್ದರು. ಬದಲಾಯಿಸಿದ ಮೇಲೆ ಮೌಸ್‌ನಲ್ಲಿ ಎಳೆದರೆ ನಿಶ್ಶಬ್ದ. ಮಾವ ತಲೆ ಕೆರೆದುಕೊಂಡರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಪೆಟ್ಟಿಗೆಯಲ್ಲಿ ಎಳೆದಾಗ ಚರ್ ಹೋಗಿತ್ತು, ಆದರೆ ನಡುವೆ ಒಂದು ಕಡೆ ಶ್ರುತಿ ಉಬ್ಬಿ ಇಳಿಯಿತು. ಪರದೆಯ ಅಂಕೆ ನೋಡುತ್ತಾ ಮೆಲ್ಲಗೆ ಎಳೆದೆ. 70, 69, 68, ಆಮೇಲೆ 91, ಮತ್ತೆ 67! ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ಫೇಡರಿನ ಜಾಗ 0 ಯಿಂದ 127 ರ ಅಂಕೆಯಾಗಿ ಹೋಗುತ್ತದೆ. 1983 ರಲ್ಲಿ ಬಂದ ಮಿಡಿ ಎಂಬ ಪದ್ಧತಿ ಇದು. ನಾನು ಸ್ಕೇಲಿನಲ್ಲಿ ಅಳೆದೆ, ಫೇಡರಿನ ಓಟ 6 ಸೆಂ.ಮೀ. ಅಂದರೆ ಸುಮಾರು ಅರ್ಧ ಮಿಲಿಮೀಟರಿಗೆ ಒಂದು ಅಂಕೆ. ಹೆಸರು ಡಿಜಿಟಲ್ ಆದರೂ ಗುಂಡಿಯ ಕೆಳಗೆ ಇರುವುದು ಅದೇ ಹಳೆಯ ಪಟ್ಟಿ. ಧೂಳು ಸಿಕ್ಕ ಜಾಗದಲ್ಲಿ ಪೆಟ್ಟಿಗೆ ತಪ್ಪು ಅಂಕೆ ಓದುತ್ತದೆ. ಪಕ್ಕದ 2ನೇ ಫೇಡರ್ ಎಳೆದು ನೋಡಿದೆವು, ಒಂದು ಅಂಕೆಯೂ ತಪ್ಪಲಿಲ್ಲ. 3ನೆಯದಕ್ಕೆ ಮಾತ್ರ ಈ ಕಾಯಿಲೆ.

ಪಕ್ಕದ ಮನೆ ಅಜ್ಜ "ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡು" ಅಂದರು. ಬಿಡಬಾರದು. ಎಣ್ಣೆಗೆ ಇನ್ನಷ್ಟು ಧೂಳು ಅಂಟುತ್ತದೆ. ವೈರ್ ಕಿತ್ತು, ಫೇಡರಿಗೆಂದೇ ಬರುವ ಸ್ಪ್ರೇ ಸ್ವಲ್ಪ ಹೊಡೆದು, ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಒಣಗಿದ ಮೇಲೆ ಹಾಕಬೇಕು. ಪಟ್ಟಿ ಸವೆದೇ ಹೋಗಿದ್ದರೆ ಫೇಡರನ್ನೇ ಬದಲಿಸಬೇಕು.

ಮರುದಿನ ಸಂಜೆ ಹಾಡಿದ ಗೆಳತಿಯನ್ನು ಕರೆದುಕೊಂಡು ಹೋದೆ. ಹಳೆಯ ಜೋಡಣೆ ಹಾಕಿ ಎಳೆದು ತೋರಿಸಿದೆ, ಚರ್ ಅಂತು. ಹೊಸದು ಹಾಕಿ 2ನೇ ಫೇಡರಿನಲ್ಲಿ ಎಳೆದೆ, ಏನೂ ಇಲ್ಲ. "ಹಾಗಾದ್ರೆ ನನ್ನ ಗಂಟಲಲ್ಲ ಅಲ್ವೇನೇ?" ಅಂದಳು. ಆಮೇಲೆ ತಾನೇ ಮೈಕ್ ಹಿಡಿದು, ಅಂದು ಬಿಟ್ಟಿದ್ದ ಎರಡು ಸಾಲೂ ಸೇರಿಸಿ ಪೂರ್ತಿ ಹಾಡಿದಳು. ನಾನು ಶ್ರುತಿ ಇಳಿಸಿದೆ, ಈ ಸಲ ಮೆಲ್ಲಗೆ.

ಸ್ಪ್ರೇ ನಮ್ಮೂರಲ್ಲಿ ಸಿಗಲಿಲ್ಲ. ಮಾವ ಪೇಟೆಗೆ ಹೋದಾಗ ತರುತ್ತಾರಂತೆ. ಅಲ್ಲಿಯವರೆಗೆ 3ನೇ ಫೇಡರಿನ ಮೇಲೆ ಕೆಂಪು ಟೇಪು ಅಂಟಿಸಿದ್ದೇವೆ, ಯಾರೂ ಮುಟ್ಟಬೇಡಿ.