ತಪ್ಪಿ ನಡೆದವನಿಗೆ ಮರಳಿ ಎಡೆಯುಂಟೆ?

ಎಳೆಯ ವಯಸ್ಸಿನಲ್ಲಿ ತನಗಿಂತ ದುರ್ಬಲರಾದ ಜೊತೆಗಾರರನ್ನು ಗೋಳುಹೊಯ್ದುಕೊಂಡವನು ಮುಂದೆ ಬೆಳೆದು ದೊಡ್ಡ ಆಟಗಾರನಾದನೆನ್ನೋಣ. ಅವನ ಹಳೆಯ ನಡತೆಯು ಬೆಳಕಿಗೆ ಬಂದಾಗ ಅವನನ್ನು ಆಟದಿಂದ ಹೊರಗಿಡುವುದು ನ್ಯಾಯವೆ, ಇಲ್ಲವೆ ಮತ್ತೊಂದು ಅವಕಾಶವನ್ನು ಕೊಡುವುದು ನ್ಯಾಯವೆ? ಈ ಪ್ರಶ್ನೆಯು ಕೆಲವು ವರ್ಷಗಳಿಂದ ಹೊರದೇಶಗಳಲ್ಲಿ ಬಹಳ ಚರ್ಚೆಗೆ ಒಳಗಾಗಿದೆ. ಆಟದ ಮಾತು ಧರ್ಮಪತ್ರಿಕೆಗೆ ಏತಕ್ಕೆಂದು ಸದ್ಭಕ್ತರು ಕೇಳಬಹುದು. ಪ್ರಶ್ನೆಯ ಹೊರಮೈ ಆಟದ್ದಾದರೂ ಅದರ ಒಳತಿರುಳು ತಪ್ಪು, ಪಶ್ಚಾತ್ತಾಪ, ಕ್ಷಮೆ ಎಂಬ ಮೂರಕ್ಕೆ ಸೇರಿದುದು. ಈ ಮೂರನ್ನೂ ನಮ್ಮ ಶಿವಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಆಳವಾಗಿ ವಿಚಾರಿಸಿದ್ದಾರೆ. ಮೇಲಾಗಿ, ಮಕ್ಕಳಿರುವ ಯಾವ ಮನೆಗೂ ಯಾವ ಪ್ರಸಾದನಿಲಯಕ್ಕೂ ಇದು ದೂರದ ಮಾತಲ್ಲ.

ಮೊದಲು ನಡೆದ ಸಂಗತಿಗಳನ್ನು ತಿಳಿಯೋಣ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಮಿಚೆಲ್ ಮಿಲ್ಲರ್ ಎಂಬ ಬಾಲಕನು ಹಿಮಗಡ್ಡೆಯ ನೆಲದ ಮೇಲೆ ಆಡುವ ಹಾಕಿಯಲ್ಲಿ ಚತುರನಾಗಿದ್ದನು. ಅವನ ಶಾಲೆಯಲ್ಲಿ ಕರಿಯ ವರ್ಣದ, ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದ ಸಹಪಾಠಿಯೊಬ್ಬನಿದ್ದನು. ಮಿಲ್ಲರನೂ ಅವನ ಗೆಳೆಯನೊಬ್ಬನೂ ಮೂತ್ರದ ಪಾತ್ರೆಗೆ ಒರೆಸಿದ ಸಿಹಿಗುಳಿಗೆಯನ್ನು ಆ ಮುಗ್ಧನಿಗೆ ಮೋಸದಿಂದ ತಿನ್ನಿಸಿದರು. ೨೦೧೬ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಬಾಲ ನ್ಯಾಯಾಲಯವು ಮಿಲ್ಲರನನ್ನು ತಪ್ಪಿತಸ್ಥನೆಂದು ನಿರ್ಣಯಿಸಿತು. ಆ ಸಹಪಾಠಿಯನ್ನು ಅವನು ವರ್ಷಗಟ್ಟಲೆ ಬಣ್ಣದ ಹೆಸರಿನಿಂದ ಹೀಯಾಳಿಸುತ್ತಿದ್ದನೆಂದೂ ಮನೆಯವರು ಹೇಳಿದರು.

೨೦೨೦ರಲ್ಲಿ ಅರಿಜೋನಾ ಕಯೋಟೀಸ್ ಎಂಬ ತಂಡವು ಮಿಲ್ಲರನನ್ನು ಆಯ್ದುಕೊಂಡಿತು. ಆಗ ಹಳೆಯ ಸಂಗತಿಯು ಪತ್ರಿಕೆಯಲ್ಲಿ ಪ್ರಕಟವಾಯಿತು. ತಂಡವು ಅದೇ ತಿಂಗಳಿನಲ್ಲಿ ಅವನನ್ನು ಕೈಬಿಟ್ಟಿತು. ಇಲ್ಲಿ ಗಮನಿಸತಕ್ಕ ಒಂದು ವಿವರವುಂಟು. ಆಯ್ಕೆಗೆ ಮುಂಚೆ ಅವನು ಆ ಲೀಗಿನ ೩೧ ತಂಡಗಳಿಗೂ ತನ್ನ ತಪ್ಪನ್ನು ಒಪ್ಪಿಕೊಂಡು ಪತ್ರ ಬರೆದಿದ್ದನು. ನೊಂದವನ ಮನೆಗಾದರೋ, ನ್ಯಾಯಾಲಯವು ಕಡ್ಡಾಯಪಡಿಸಿ ಬರೆಯಿಸಿದ ಪತ್ರವೊಂದನ್ನು ಬಿಟ್ಟರೆ ಬೇರೆ ಕ್ಷಮಾಯಾಚನೆಯು ಬಂದಿರಲಿಲ್ಲವೆಂದು ಆ ಮನೆಯವರು ತಿಳಿಸಿದರು. ಎರಡು ವರ್ಷಗಳ ತರುವಾಯ, ೨೦೨೨ರ ನವೆಂಬರ್ ೪ರಂದು, ಬಾಸ್ಟನ್ ಬ್ರೂಯಿನ್ಸ್ ಎಂಬ ಇನ್ನೊಂದು ತಂಡವು ಅವನೊಡನೆ ಒಪ್ಪಂದ ಮಾಡಿಕೊಂಡಿತು. ಜನರ ಆಕ್ಷೇಪವು ಎಷ್ಟು ಬಲವಾಗಿತ್ತೆಂದರೆ ಎರಡೇ ದಿನಗಳಲ್ಲಿ ಆ ತಂಡವೂ ಹಿಂದೆಗೆಯಬೇಕಾಯಿತು. ಒಪ್ಪಂದಕ್ಕೆ ಮೊದಲು ನೊಂದವನ ಮನೆಯವರನ್ನು ತಂಡದವರು ಒಂದು ಮಾತನ್ನೂ ಕೇಳಿರಲಿಲ್ಲ.

ಎರಡನೆಯ ಸಂಗತಿಯು ದಕ್ಷಿಣ ಕೊರಿಯದ್ದು. ಲೀ ಜೇ-ಯಂಗ್, ಲೀ ದಾ-ಯಂಗ್ ಎಂಬ ಅವಳಿ ಸೋದರಿಯರು ಅಲ್ಲಿಯ ವಾಲಿಬಾಲ್ ಆಟದಲ್ಲಿ ಬಹು ಪ್ರಸಿದ್ಧರಾಗಿದ್ದರು. ಶಾಲೆಯ ದಿನಗಳಲ್ಲಿ ಇವರು ತಮ್ಮನ್ನು ಪೀಡಿಸಿದರೆಂದು ಹಿಂದಿನ ಜೊತೆ ಆಟಗಾರ್ತಿಯರು ೨೦೨೧ರ ಫೆಬ್ರವರಿಯಲ್ಲಿ ಅಂತರ್ಜಾಲದಲ್ಲಿ ಬರೆದರು. ಸೋದರಿಯರು ಕೈಬರಹದ ಕ್ಷಮಾಪಣೆಯನ್ನು ಪ್ರಕಟಿಸಿದರು. ಅವರ ತಂಡವು ಅವರನ್ನು ಆಟದಿಂದ ತಡೆಹಿಡಿಯಿತು; ರಾಷ್ಟ್ರತಂಡದ ಬಾಗಿಲೂ ಮುಚ್ಚಿತು. ಬಳಿಕ ಅವರು ಆರೋಪಗಳಲ್ಲಿ ಕೆಲವು ನಿಜವಲ್ಲವೆಂದು ವಾದಿಸಿದರು. ಅದೇ ವರ್ಷದ ಕೊನೆಯಲ್ಲಿ ಗ್ರೀಸ್ ದೇಶದ ತಂಡವೊಂದನ್ನು ಸೇರಿ ಆಟವನ್ನು ಮುಂದುವರಿಸಿದರು.

ಈ ಸಂಗತಿಗಳನ್ನು ಕುರಿತು ಲೋಕವು ಎರಡು ಪಕ್ಷವಾಗಿ ನಿಂತಿತು. ಬಾಲ್ಯದಲ್ಲಿ ಮಾಡಿದ ತಪ್ಪಿಗೆ ಬಾಳೆಲ್ಲ ದಂಡನೆ ಸಲ್ಲದೆಂದು ಒಂದು ಪಕ್ಷವು ಹೇಳಿತು. ಸಾವಿರಾರು ಮಕ್ಕಳು ಕಣ್ಣಿಟ್ಟು ನೋಡುವ ಎತ್ತರದಲ್ಲಿ ಅಂಥವರನ್ನು ನಿಲ್ಲಿಸಬಾರದೆಂದು ಮತ್ತೊಂದು ಪಕ್ಷವು ಹೇಳಿತು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ನೊಂದವನ ಹೆಸರನ್ನು ವಾದಕ್ಕೆ ಬಳಸಿಕೊಂಡವರೇ ಹೆಚ್ಚು. ಅವನು ಬಯಸುವುದೇನು ಎಂದು ಅವನ ಬಾಗಿಲಿಗೆ ಹೋಗಿ ಕೇಳಿದವರು ವಿರಳ. ಶರಣಮಾರ್ಗದ ವಿಚಾರವು ಅಲ್ಲಿಂದಲೇ ಆರಂಭವಾಗತಕ್ಕದ್ದು.

ಶರಣಧರ್ಮವು ತಪ್ಪಿದವನಿಗೆ ಬಾಗಿಲನ್ನು ಮುಚ್ಚಿದ ಧರ್ಮವಲ್ಲವೆಂಬುದು ನಿಸ್ಸಂದೇಹ. ಕನ್ನ ಕೊರೆಯುತ್ತಿದ್ದವನು ಶರಣನಾಗಿ ಕನ್ನದ ಮಾರಿತಂದೆಯೆನಿಸಿದನು. ಅವನ ವಚನಗಳು ಇಂದಿಗೂ ನಮ್ಮ ಕೈಯಲ್ಲಿವೆ. ಉರಿಲಿಂಗಪೆದ್ದಿಯ ಕಥೆಯಂತೂ ಎಲ್ಲರೂ ಬಲ್ಲುದೆ. ಕಳವಿಗೆಂದು ಹೊಕ್ಕ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುವುದನ್ನು ಮರೆಯಲ್ಲಿ ನಿಂತು ಕಂಡನು. ಅವನ ಮನಸ್ಸು ತಿರುಗಿತು. ಆದರೆ ಮನಸ್ಸು ತಿರುಗಿದ ಮರುದಿನವೇ ಅವನಿಗೆ ಪೀಠವು ದೊರೆಯಲಿಲ್ಲ. ಅವನು ಗುರುವಿನ ಮಠಕ್ಕೆ ಸೌದೆಯ ಹೊರೆಯನ್ನು ಹೊತ್ತನು. ಯಾರ ಹೊಗಳಿಕೆಯನ್ನೂ ಬಯಸದೆ ಸೇವೆ ಮಾಡಿದನು. ದೀಕ್ಷೆ ದೊರೆತುದು ಆಮೇಲೆ; ಮಠದ ಅಧಿಪತ್ಯವು ಬಂದುದು ಅದಕ್ಕೂ ಆಮೇಲೆ. ನಾವು ಈ ಕಥೆಯನ್ನು ಹೇಳುವಾಗ ಕಳ್ಳನು ಗುರುವಾದನೆಂಬ ಕೊನೆಯನ್ನು ಸಂತೋಷದಿಂದ ಹೇಳುತ್ತೇವೆ. ನಡುವಿನ ಸೌದೆಯ ಹೊರೆಯನ್ನು ಮರೆಯುತ್ತೇವೆ. ಮರಳಿ ಅವಕಾಶವೆಂಬುದರ ಮರ್ಮವೆಲ್ಲ ಆ ಹೊರೆಯಲ್ಲಿದೆ.

ಇನ್ನು ಕ್ಷಮಿಸುವ ಅಧಿಕಾರವು ಯಾರದು ಎಂಬುದನ್ನು ವಿಚಾರಿಸೋಣ. ಕಳ್ಳರು ಬಸವಣ್ಣನವರ ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳು ಕೂಗುವುದನ್ನು ಕೇಳಲಾರದೆ ಕರುಗಳನ್ನೂ ಅವರ ಹಿಂದೆಯೇ ಅಟ್ಟಿಸಿದರೆಂಬ ಕಥೆಯುಂಟು. ಅದು ಕರುಣೆಯ ಪರಮಾವಧಿ. ಆದರೆ ಆ ಹಸುಗಳು ಬಸವಣ್ಣನವರವೇ ಆಗಿದ್ದುವು. ನಷ್ಟವು ಅವರದು, ಆದುದರಿಂದ ಬಿಟ್ಟುಕೊಡುವ ಹಕ್ಕೂ ಅವರದು. ನೆರೆಮನೆಯವನ ಹಸುವನ್ನು ಕಳ್ಳನು ಹೊಡೆದುಕೊಂಡು ಹೋದರೆ, ಹೋಗಲಿ ಬಿಡಿರೆಂದು ನಾನು ಹೇಳುವುದು ಔದಾರ್ಯವಾದೀತೆ? ತಂಡದ ಒಡೆಯರು, ಆಟದ ಅಭಿಮಾನಿಗಳು ಎಷ್ಟು ಸುಲಭವಾಗಿ ಕ್ಷಮಿಸಿದರೂ ಅದು ನೆರೆಯವನ ಹಸುವನ್ನು ದಾನ ಮಾಡಿದಂತೆಯೇ ಸರಿ. ನೊಂದವನು ಕ್ಷಮಿಸಿದರೆ ಅದು ಅವನ ಹಿರಿಮೆ. ಕ್ಷಮಿಸದಿದ್ದರೆ ಅವನನ್ನು ನಿಷ್ಠುರನೆನ್ನುವ ಅಧಿಕಾರ ಯಾರಿಗೂ ಇಲ್ಲ.

ಪಶ್ಚಾತ್ತಾಪವು ನಿಜವೋ ಅಲ್ಲವೋ ಎಂಬುದನ್ನು ಹೇಗೆ ಅರಿಯಬೇಕು? ಒಳಗಿನ ಮನಸ್ಸನ್ನು ಬಲ್ಲವನು ಶಿವನೊಬ್ಬನೆ. ಆದರೂ ಮನುಷ್ಯರು ನೋಡಬಹುದಾದ ಮೂರು ಗುರುತುಗಳುಂಟು. ಮೊದಲನೆಯದು, ಅದು ಯಾರ ಕಡೆಗೆ ಮುಖ ಮಾಡಿದೆ ಎಂಬುದು. ಕೆಲಸ ಕೊಡುವವರ ಕಡೆಗೆ ಮುಖ ಮಾಡಿದ ಪಶ್ಚಾತ್ತಾಪದಲ್ಲಿ ಕೆಲಸದ ಆಸೆಯೂ ಬೆರೆತಿರುತ್ತದೆ. ನೊಂದವನ ಕಡೆಗೆ ಮುಖ ಮಾಡಿದುದರಲ್ಲಿ ಲಾಭದ ಆಸೆಗೆ ಎಡೆ ಕಡಿಮೆ. ಎರಡನೆಯದು, ಅದು ಎಂದು ಬಂತು ಎಂಬುದು. ಬಸವಣ್ಣನವರ ವಚನಗಳಲ್ಲಿ ತಮ್ಮ ಕುಂದನ್ನು ತಾವೇ ಎತ್ತಿ ಆಡಿಕೊಂಡವು ಎಷ್ಟಿವೆಯೆಂಬುದನ್ನು ಓದಿದವರೆಲ್ಲರೂ ಬಲ್ಲರು. ಯಾರೂ ಬೆರಳಿಟ್ಟು ತೋರಿಸುವ ಮೊದಲೇ ಆಡಿಕೊಂಡ ಮಾತುಗಳವು. ಸಿಕ್ಕಿಬಿದ್ದ ಮೇಲೆ ಬಂದ ಕಣ್ಣೀರು ಸುಳ್ಳೆಂದು ಹೇಳಲಾಗದು. ಆದರೆ ಅದನ್ನು ಕಾಲವು ಪರೀಕ್ಷಿಸಬೇಕು. ಮೂರನೆಯದು, ಅವಕಾಶವು ದೊರೆಯದಿದ್ದರೂ ಅದು ಉಳಿಯುವುದೇ ಎಂಬುದು. ಕೆಲಸ ತಪ್ಪಿದೊಡನೆ ಆರಿಹೋಗುವ ಪಶ್ಚಾತ್ತಾಪವು ಒಂದು ಬಗೆಯ ವ್ಯಾಪಾರವಾಗಿತ್ತೆಂದು ತಿಳಿಯಬೇಕು.

ಹಾಗಾದರೆ ಅವನ ಜೀವನೋಪಾಯವನ್ನು ಕಿತ್ತುಕೊಳ್ಳಬೇಕೆ? ಕೂಡದು. ಕಾಯಕವು ಪ್ರತಿಯೊಬ್ಬನ ಧರ್ಮ. ದುಡಿದು ಉಣ್ಣುವ ದಾರಿಯನ್ನು ಮುಚ್ಚಿದರೆ ಮನುಷ್ಯನು ಇನ್ನೂ ಕೆಳಗಿಳಿದಾನು. ಆದರೆ ಕಾಯಕವು ಬೇರೆ, ಗೌರವವು ಬೇರೆ. ಕೊರಿಯದ ಬೇಸ್‌ಬಾಲ್ ಆಟಗಾರ ಆನ್ ಊ-ಜಿನ್ ಎಂಬವನ ವಿಷಯದಲ್ಲಿ ಈ ಭೇದವು ಸ್ಪಷ್ಟವಾಗಿ ಕಾಣುತ್ತದೆ. ಪ್ರೌಢಶಾಲೆಯ ದಿನಗಳ ಹಿಂಸೆಯ ಪ್ರಕರಣಕ್ಕಾಗಿ ಅವನ ತಂಡವೇ ೨೦೧೮ರಲ್ಲಿ ಅವನನ್ನು ೫೦ ಪಂದ್ಯಗಳಿಂದ ಹೊರಗಿಟ್ಟಿತು. ಆ ಬಳಿಕ ಅವನು ಆಡಿ ಹೊಟ್ಟೆ ಹೊರೆದನು. ೨೦೨೨ರಲ್ಲಿ ಆ ದೇಶದ ಅತಿ ಶ್ರೇಷ್ಠ ಎಸೆತಗಾರರಲ್ಲಿ ಒಬ್ಬನೆನಿಸಿದನು. ಆದರೂ ೨೦೨೩ರ ವಿಶ್ವಪಂದ್ಯಾವಳಿಗೆ ಹೊರಟ ರಾಷ್ಟ್ರತಂಡದಲ್ಲಿ ಅವನ ಹೆಸರಿರಲಿಲ್ಲ. ಆಡುವುದು ಕಾಯಕವಾದರೆ ದೇಶದ ಹೆಸರನ್ನು ಎದೆಯ ಮೇಲೆ ಧರಿಸುವುದು ಗೌರವ. ಕಾಯಕವನ್ನು ಬೇಗ ಕೊಡಬಹುದು; ಗೌರವವು ಸೌದೆಯ ಹೊರೆ ಇಳಿದ ಮೇಲೆಯೇ ಬರತಕ್ಕದ್ದು. ಆ ಹೊರೆಯನ್ನು ಹೊತ್ತು ಮುಗಿಸಿದವನಿಗೆ ಗೌರವವನ್ನು ಎಂದೆಂದಿಗೂ ಕೊಡೆವೆನ್ನುವುದೂ ಧರ್ಮವಲ್ಲ.

ಇಲ್ಲಿ ನಮ್ಮ ಪಂಚಾಚಾರಗಳಲ್ಲಿ ಎರಡು ಒಂದಕ್ಕೊಂದು ಎದುರಾದಂತೆ ತೋರುತ್ತವೆ. ಅನ್ಯಾಯವನ್ನು ಕಂಡು ಸುಮ್ಮನಿರಬಾರದೆಂಬುದು ಗಣಾಚಾರ. ಎಲ್ಲರಿಗಿಂತ ತಾನು ಕಿರಿಯನೆಂದು ಬಾಗಿ ನಡೆಯುವುದು ಭೃತ್ಯಾಚಾರ. ನಿಜವಾಗಿ ಇವು ಒಂದೇ ಗಾಡಿಯ ಎರಡು ಚಕ್ರಗಳು. ಪೀಡಿತನ ಪಕ್ಕದಲ್ಲಿ ನಿಂತು ಮಾತನಾಡುವುದು ಸಮಾಜದ ಗಣಾಚಾರವಾದರೆ, ತಾನು ತುಳಿದವನ ಮುಂದೆ ತಲೆಬಾಗುವುದು ತಪ್ಪಿತಸ್ಥನ ಭೃತ್ಯಾಚಾರ. ಗಣಾಚಾರವಿಲ್ಲದ ಕ್ಷಮೆಯು ಅಳ್ಳೆದೆಯಾಗುತ್ತದೆ; ಭೃತ್ಯಾಚಾರಕ್ಕೆ ಎಡೆಗೊಡದ ದಂಡನೆಯು ಸೇಡಾಗುತ್ತದೆ.

ಬಾಲ್ಯದಲ್ಲಿ ಅರಿವು ಎಳೆಯದಾಗಿರುತ್ತದೆಂಬ ಮಾತನ್ನೂ ತಳ್ಳಿಹಾಕಲಾಗದು. ನಮ್ಮ ದೇಶದ ೨೦೧೫ರ ಬಾಲನ್ಯಾಯ ಕಾಯಿದೆಯು ಹದಿನೆಂಟು ತುಂಬದವರನ್ನು ಮಕ್ಕಳೆಂದು ಎಣಿಸಿ, ಅವರಿಗೆ ಹೊಸ ಬಾಳಿನ ಆರಂಭವು ದೊರೆಯಬೇಕೆಂಬುದನ್ನು ತತ್ತ್ವವಾಗಿಯೇ ಅಂಗೀಕರಿಸಿದೆ. ಅದು ಯುಕ್ತವಾದುದು. ಆದರೆ ಪೆಟ್ಟು ತಿಂದವನೂ ಆಗ ಬಾಲಕನೇ ಆಗಿದ್ದನೆಂಬುದನ್ನು ಮರೆಯಬಾರದು. ಹೊಡೆದವನಿಗೆ ಅದು ಒಂದು ಮಧ್ಯಾಹ್ನದ ಹುಡುಗಾಟ; ಹೊಡೆಸಿಕೊಂಡವನಿಗೆ ಶಾಲೆಯ ದಾರಿಯೇ ಹೆದರಿಕೆಯ ದಾರಿ. ಒಬ್ಬನ ಎಳೆತನಕ್ಕೆ ಕನಿಕರ ತೋರುವವರು ಇನ್ನೊಬ್ಬನ ಎಳೆತನಕ್ಕೂ ಅಷ್ಟೇ ಕನಿಕರ ತೋರಬೇಕಲ್ಲವೆ?

ಸದ್ಭಕ್ತರೆ, ಈ ವಿಚಾರದ ಫಲವು ನಮ್ಮ ಮನೆಗಳಲ್ಲಿ ಕಾಣಬೇಕು. ಮಿಲ್ಲರನ ತಪ್ಪಿಗೂ ಬಾಸ್ಟನ್ನಿನ ಒಪ್ಪಂದಕ್ಕೂ ನಡುವೆ ಆರು ವರ್ಷಗಳಿಗೂ ಮಿಕ್ಕಿ ಕಾಲವು ಕಳೆಯಿತು. ಆ ಅವಧಿಯಲ್ಲಿ ಹಿರಿಯರೊಬ್ಬರು ಹುಡುಗನ ಕೈಹಿಡಿದು ನೊಂದವನ ಮನೆಗೆ ಕರೆದೊಯ್ದಿದ್ದರೆ, ಎರಡು ಮನೆಗಳ ಬಾಳೂ ಬೇರೆಯಾಗಬಹುದಾಗಿತ್ತು. ನಮ್ಮ ಪ್ರಸಾದನಿಲಯಗಳಲ್ಲಿ ದೊಡ್ಡ ಹುಡುಗರು ಸಣ್ಣವರಿಂದ ಬಟ್ಟೆ ಒಗೆಯಿಸುವುದು, ಅಡ್ಡಹೆಸರಿಟ್ಟು ಅಳಿಸುವುದು, ಬಡವನ ಊಟದ ರೀತಿಯನ್ನು ಆಡಿಕೊಂಡು ನಗುವುದು ಕಂಡುಬಂದರೆ, ಹುಡುಗರ ಸಹಜವೆಂದು ಕಣ್ಣುಮುಚ್ಚಬಾರದು. ಓಟದಲ್ಲಿ ಶಾಲೆಗೆ ಪದಕ ತರುವ ಹುಡುಗನೆಂದು ಅವನ ತಪ್ಪನ್ನು ಮುಚ್ಚುವ ಅಧ್ಯಾಪಕನು ಆ ಹುಡುಗನಿಗೂ ಹಿತೈಷಿಯಲ್ಲ; ಇಂದು ಮುಚ್ಚಿದುದು ಇಪ್ಪತ್ತು ವರ್ಷಗಳ ಮೇಲೆ ಅವನ ಕೊರಳಿಗೇ ಬಂದೀತು.

ಮಗನು ಇನ್ನೊಬ್ಬರ ಮಗುವನ್ನು ನೋಯಿಸಿದನೆಂದು ತಿಳಿದ ದಿನವೇ ತಂದೆತಾಯಿಗಳು ಮಾಡತಕ್ಕ ಕೆಲಸ ನಾಲ್ಕು. ಮೊದಲು ಆ ಮಗುವಿನ ಮಾತನ್ನು ಪೂರ್ತಿ ಕೇಳುವುದು. ಆಮೇಲೆ ಮಗನನ್ನು ಕರೆದುಕೊಂಡು ಅದರ ಮನೆಗೆ ಹೋಗುವುದು. ಅವರು ಒಳಗೆ ಕರೆಯದಿದ್ದರೆ ಬಾಗಿಲಲ್ಲಿಯೇ ಕೈಮುಗಿದು ಹಿಂತಿರುಗುವುದು. ಕೆಡಿಸಿದುದನ್ನು, ಕಿತ್ತುಕೊಂಡುದನ್ನು ಮಗನ ದುಡಿಮೆಯಿಂದಲೇ ತುಂಬಿಕೊಡಿಸುವುದು. ಕೊನೆಯದಾಗಿ, ಅವನು ತಿದ್ದಿಕೊಂಡು ನಡೆದ ಮೇಲೆ ಹಳೆಯದನ್ನು ಮತ್ತೆ ಮತ್ತೆ ಎತ್ತಿ ಚುಚ್ಚದಿರುವುದು. ಬೈದು ಹೊಡೆದು ಬಿಡುವುದು ಸುಲಭ. ಅದರಿಂದ ತಂದೆಯ ಕೋಪ ತೀರೀತೇ ಹೊರತು ಮಗನ ಋಣ ತೀರದು.

ತಪ್ಪಿದವನಿಗೆ ಮರಳಿ ಎಡೆಯುಂಟು. ಆದರೆ ಅದರ ಬಾಗಿಲು ಆಟದ ಅಂಗಳದ ಕಡೆಗಿಲ್ಲ, ನೊಂದವನ ಮನೆಯ ಕಡೆಗಿದೆ. ಅದನ್ನು ಒಳಗಿನಿಂದ ತೆರೆಯುವವನು ನೊಂದವನು. ಅವನು ತೆರೆಯುವನೋ ಇಲ್ಲವೋ, ಹೊರಗೆ ಹೊರೆ ಹೊತ್ತು ನಿಲ್ಲುವ ಕರ್ತವ್ಯವು ತಪ್ಪಿದವನದು. ಹಾಗೆ ನಿಲ್ಲುವುದನ್ನು ನಮ್ಮ ಮಕ್ಕಳು ಎಳವೆಯಲ್ಲಿಯೇ ಕಲಿಯುವಂತೆ ಶಿವನು ಕರುಣಿಸಲಿ.