ಧೈರ್ಯ ಎಷ್ಟು ದಿನದ್ದು?

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಾರನ್ನೇ ಕೇಳಿ, ಬಿಸಿನೆಸ್ ಹೇಗಿದೆ ಎಂದರೆ ‘ಪರವಾಗಿಲ್ಲ, ನಡೀತಿದೆ’ ಅಂತಲೇ ಉತ್ತರ. ಆರ್ಡರ್ ತುಂಬಿದ್ದಾಗ ಹಾಗೆ ಹೇಳುವುದು ಕಣ್ಣು ಬೀಳದಿರಲಿ ಎಂದು. ಬ್ಯಾಂಕಿನವರು ಫೋನಿನ ಮೇಲೆ ಫೋನ್ ಮಾಡುವಾಗ ಹಾಗೆ ಹೇಳುವುದು, ಸುದ್ದಿ ಹಬ್ಬಿದರೆ ಸ್ಟೀಲ್ ಅಂಗಡಿಯವನು ಉದ್ರಿ ನಿಲ್ಲಿಸುತ್ತಾನೆಂದು. ಇಂಥ ಕಡೆ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಜಾಬ್ ವರ್ಕ್ ಶೆಡ್ ನಡೆಸುವವರು ಬಾಯಿಮಾತು ನಂಬಿ ಕೂತರೆ ಆಗುವುದಿಲ್ಲ. ಬೆಂಗಳೂರಿನ ವ್ಯಾಪಾರ ಯಾವ ಕಡೆ ವಾಲುತ್ತಿದೆ ಎಂದು ತಿಳಿಯಲು ನಾನು ನೆಚ್ಚಿಕೊಂಡ ಗುರುತುಗಳು ಬೇರೆಯೇ ಇವೆ.

1. ಆರ್ಡರ್ ಅಲ್ಲ, ಪೇಮೆಂಟ್ ದಿನ ಎಣಿಸಿ.

ಮಂದಗತಿ ಶುರುವಾದಾಗ ಮೊದಲು ನಿಲ್ಲುವುದು ಆರ್ಡರ್ ಅಂದುಕೊಂಡಿರುತ್ತೇವೆ. ಅಲ್ಲ. ಆರ್ಡರ್ ಬರುತ್ತಲೇ ಇರುತ್ತದೆ. 45 ದಿನಕ್ಕೆ ಬರುತ್ತಿದ್ದ ದುಡ್ಡು ಮಾತ್ರ 60ಕ್ಕೆ, ಆಮೇಲೆ 90ಕ್ಕೆ ಜಾರುತ್ತದೆ. ಅದಕ್ಕೂ ಮುಂಚೆ ಇನ್ನೊಂದು ಗುರುತು ಸಿಗುತ್ತದೆ. ಮಾಲು ಕಂಪನಿಯ ಗೇಟಿನೊಳಗೆ ಹೋಗಿ ವಾರವಾದರೂ ‘ಇನ್ಸ್‌ಪೆಕ್ಷನ್‌ನಲ್ಲಿದೆ’ ಎನ್ನುತ್ತಾರೆ. ಇನ್ಸ್‌ಪೆಕ್ಷನ್ ಆಗದೆ ಬಿಲ್ಲಿನ ದಿನ ಲೆಕ್ಕಕ್ಕೆ ಬರುವುದಿಲ್ಲ. ಎರಡು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಗೀರು ಆಗ ಕಾಣತೊಡಗುತ್ತದೆ, ಡೆಬಿಟ್ ನೋಟ್ ಬರುತ್ತದೆ. ಗೀರು ಅದೇ, ಡ್ರಾಯಿಂಗ್ ಅದೇ. ಆ ಕಂಪನಿಯ ಖಜಾನೆ ಮಾತ್ರ ಬದಲಾಗಿರುತ್ತದೆ.

ಕಾನೂನು ನಮ್ಮ ಕಡೆಯೇ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕರಾರಿನಲ್ಲಿ ಏನೇ ಬರೆದುಕೊಂಡರೂ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಬಡ್ಡಿ ಕೇಳಿ ಮುಂದಿನ ತಿಂಗಳ ಆರ್ಡರ್ ಕಳೆದುಕೊಳ್ಳಲು ಯಾರಿಗೂ ಮನಸ್ಸಿಲ್ಲ, ಅಷ್ಟೇ. 2023–24ರ ಲೆಕ್ಕದಿಂದ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಬಂತು: ಸಣ್ಣ ಉದ್ದಿಮೆಗೆ ಗಡುವಿನೊಳಗೆ ಕೊಡದೆ ಉಳಿಸಿಕೊಂಡ ಬಾಕಿಯನ್ನು ದೊಡ್ಡವರು ಕೊಟ್ಟ ವರ್ಷವೇ ಖರ್ಚೆಂದು ತೋರಿಸಬೇಕು. ಮಾರ್ಚ್ ಕೊನೆಯಲ್ಲಿ ಕೆಲವರ ಚೆಕ್ ತಾನಾಗಿ ನಡೆದು ಬಂತು. ಇನ್ನು ಕೆಲವರು ಈ ನಿಯಮದಿಂದ ತಪ್ಪಿಸಿಕೊಳ್ಳಲು ‘ಉದ್ಯಮ್ ನೋಂದಣಿ ಇಲ್ಲದವರು ಯಾರಾದರೂ ಇದ್ದರೆ ಹೇಳಿ’ ಎಂದು ಮೆಲ್ಲಗೆ ವಿಚಾರಿಸತೊಡಗಿದರು. ನಗರದ ವ್ಯಾಪಾರಿಗಳ ಧೈರ್ಯ ಅಳೆಯಬೇಕಿದ್ದರೆ ನಾನು ಕೇಳುವ ಪ್ರಶ್ನೆ ಒಂದೇ: ಯಾರು ಯಾರಿಗೆ ಎಷ್ಟು ದಿನ ಉದ್ರಿ ಬಿಡುತ್ತಿದ್ದಾರೆ?

2. ಸೂಚ್ಯಂಕ ಓದುವ ಮೊದಲು ಯಾರನ್ನು ಕೇಳಿದ್ದಾರೆ ನೋಡಿ.

ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ತಯಾರಿಕಾ ವಲಯದ ಸಮೀಕ್ಷೆ ಮಾಡುತ್ತದೆ. ಸುಧಾರಿಸಿದೆ ಎಂದವರ ಶೇಕಡಾವಾರಿನಿಂದ ಹದಗೆಟ್ಟಿದೆ ಎಂದವರ ಶೇಕಡಾವಾರು ಕಳೆದು ಲೆಕ್ಕ ಕಟ್ಟುತ್ತಾರೆ, ಸೂಚ್ಯಂಕ 100 ದಾಟಿದರೆ ಭರವಸೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದರಲ್ಲಿ ಬರುವುದು ಲಿಮಿಟೆಡ್ ಕಂಪನಿಗಳು. ಪೀಣ್ಯದ ಬಹುಪಾಲು ಶೆಡ್‌ಗಳು ಅಪ್ಪನ ಹೆಸರಿನಲ್ಲೋ ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲೋ ನಡೆಯುವಂಥವು, ಆ ಪಟ್ಟಿಗೆ ಸೇರುವುದಿಲ್ಲ. ದೊಡ್ಡ ಕಂಪನಿ ನಮ್ಮ ದುಡ್ಡು ತಡೆಹಿಡಿದು ತನ್ನ ನಗದು ಸ್ಥಿತಿ ಚೆನ್ನಾಗಿದೆ ಎಂದು ಸಮೀಕ್ಷೆಗೆ ಉತ್ತರ ಬರೆದರೆ ಅದೂ ಸತ್ಯವೇ.

ರಿಸರ್ವ್ ಬ್ಯಾಂಕಿನದೇ ಗ್ರಾಹಕರ ವಿಶ್ವಾಸ ಸಮೀಕ್ಷೆ ಇನ್ನೂ ಸ್ವಾರಸ್ಯ. ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳ ಮನೆಗಳಿಗೆ ಹೋಗಿ ವರ್ಷದ ಹಿಂದಿಗಿಂತ ಈಗ ಹೇಗೆ, ಇನ್ನೊಂದು ವರ್ಷಕ್ಕೆ ಹೇಗಿರಬಹುದು ಎಂದು ಕೇಳುತ್ತಾರೆ. ಕೋವಿಡ್ ಎರಡನೇ ಅಲೆಯ 2021ರ ಮೇ ತಿಂಗಳಲ್ಲಿ ‘ಈಗ’ದ ಸೂಚ್ಯಂಕ 48.5ಕ್ಕೆ ಕುಸಿಯಿತು. ‘ಮುಂದೆ’ಯ ಸೂಚ್ಯಂಕ ಆಗಲೂ 96ರ ಆಸುಪಾಸಿನಲ್ಲಿತ್ತು. ಮುಂದಿನ ವರ್ಷ ಒಳ್ಳೆಯದಾಗುತ್ತದೆ ಎನ್ನದೆ ಯಾರು ತಾನೇ ಸಂಸಾರ ನಡೆಸುತ್ತಾರೆ? ನಾನು ಎರಡನೇ ಅಂಕಿಯನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ.

3. ಬೆಂಗಳೂರಿಗೆ ಒಂದೇ ಜ್ವರ ಬರುವುದಿಲ್ಲ.

ಔಟರ್ ರಿಂಗ್ ರೋಡಿನ ಸಾಫ್ಟ್‌ವೇರ್ ಕಂಪನಿ, ಬೊಮ್ಮಸಂದ್ರದ ಫಾರ್ಮಾ, ಮೈಸೂರು ರಸ್ತೆಯ ಗಾರ್ಮೆಂಟ್ಸ್, ದೇವನಹಳ್ಳಿಯ ಫೋನ್ ಜೋಡಣೆ, ನಮ್ಮ ಪೀಣ್ಯ – ಇವೆಲ್ಲ ಒಂದೇ ನಗರದ ಲೆಕ್ಕ, ಕಾಲ ಮಾತ್ರ ಬೇರೆ ಬೇರೆ. 2021ರಲ್ಲಿ ಚಿಪ್ ಸಿಗದೆ ಕಾರು ಕಂಪನಿಗಳು ಶೆಡ್ಯೂಲ್ ಕಡಿತ ಮಾಡಿದಾಗ ಐಟಿಯವರು ಜನ ಸಾಲದೆ ಪರದಾಡುತ್ತಿದ್ದರು. ಅದೇ ವರ್ಷ ಫೆಬ್ರವರಿಯಲ್ಲಿ ಎಚ್‌ಎಎಲ್‌ಗೆ 83 ತೇಜಸ್ ವಿಮಾನಗಳ ಸುಮಾರು 48,000 ಕೋಟಿ ರೂಪಾಯಿ ಆರ್ಡರ್ ಸಿಕ್ಕಿತು. ಪೇಪರಿನಲ್ಲಿ ಅದನ್ನು ಓದಿದ ಮರುದಿನವೇ ಇಲ್ಲಿ ಸ್ಪಿಂಡಲ್ ತಿರುಗಲಿಲ್ಲ. ಏರೋಸ್ಪೇಸ್ ಪ್ರಮಾಣಪತ್ರ, ಸರ್ಟಿಫಿಕೇಟ್ ಇರುವ ಮೆಟೀರಿಯಲ್, ಮೊದಲ ಪೀಸಿನ ಅನುಮೋದನೆ ಇವೆಲ್ಲ ಮುಗಿದು ಶೆಡ್ಡಿಗೆ ಕೆಲಸ ಇಳಿಯುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಹೆಡ್‌ಲೈನ್ ನೋಡಿ ಆಪರೇಟರ್‌ಗಳನ್ನು ಸೇರಿಸಿಕೊಳ್ಳಬೇಡಿ.

4. ಕರೆಂಟ್ ಬಿಲ್ಲಿನ ಯೂನಿಟ್ ನೋಡಿ, ಮೊತ್ತ ಅಲ್ಲ.

ಮೊತ್ತದಲ್ಲಿ ಬೆಸ್ಕಾಂನ ನಿಗದಿತ ಶುಲ್ಕ ಸೇರಿರುತ್ತದೆ, ಮೆಷಿನ್ ಮಲಗಿದ್ದರೂ ಕಟ್ಟಲೇಬೇಕು. ಯೂನಿಟ್ ಸುಳ್ಳು ಹೇಳುವುದಿಲ್ಲ. ಅದರ ಜೊತೆಗೆ ಬೀದಿಯ ಗುರುತುಗಳೂ ಉಂಟು. ಹೀಟ್ ಟ್ರೀಟ್‌ಮೆಂಟಿನವನು ‘ನಾಳಿದ್ದು ಕೊಡ್ತೀನಿ’ ಅಂದರೆ ಸುತ್ತಲಿನ ಶೆಡ್‌ಗಳಿಗೆಲ್ಲ ಕೆಲಸವಿದೆ. ‘ಈಗಲೇ ಕಳಿಸಿ ಸಾರ್, ಸಂಜೆಗೆ ಕೊಡ್ತೀನಿ’ ಅಂದರೆ ಅವನ ಫರ್ನೇಸ್ ಖಾಲಿ. ಸ್ಕ್ರಾಪಿನವನು ಬೋರಿಂಗ್ ಚೂರು ಒಯ್ಯಲು ವಾರಕ್ಕೊಮ್ಮೆ ಬರುತ್ತಿದ್ದವನು ತಿಂಗಳಿಗೊಮ್ಮೆ ತಲೆ ಹಾಕಿದರೆ ಅದೂ ಒಂದು ವರದಿಯೇ.

5. ಕ್ಯಾಲೆಂಡರಿನ ಏರಿಳಿತವನ್ನು ಮಂದಗತಿ ಅನ್ನಬೇಡಿ.

ಮಾರ್ಚಿನಲ್ಲಿ ಟಾರ್ಗೆಟ್ ಮುಗಿಸಲು ಎಲ್ಲರೂ ಮಾಲು ಎಳೆದುಕೊಳ್ಳುತ್ತಾರೆ, ಏಪ್ರಿಲ್ ತಣ್ಣಗಿರುತ್ತದೆ. ಆಯುಧಪೂಜೆಗೆ ಮೆಷಿನ್ನಿಗೆ ಕುಂಬಳಕಾಯಿ ಒಡೆದು ರಜೆ. ಛಠ್‌ಗೆ, ಹೋಳಿ ಹಬ್ಬಕ್ಕೆಂದು ಬಿಹಾರಕ್ಕೆ ಹೋದ ಹುಡುಗರು ಬರುವವರೆಗೆ ಒಂದೇ ಶಿಫ್ಟ್. ಹೋದ ತಿಂಗಳಿಗಲ್ಲ, ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿ.

6. ತಾರೀಕು ಇರುವ ಪೆಟ್ಟಿಗಿಂತ ತಾರೀಕು ಇಲ್ಲದ ಪೆಟ್ಟು ಕೆಟ್ಟದ್ದು.

2016ರ ನವೆಂಬರ್ 8ರ ನೋಟು ರದ್ದತಿ, 2017ರ ಜುಲೈ 1ರ ಜಿಎಸ್‌ಟಿ, 2020ರ ಮಾರ್ಚ್ 25ರ ಲಾಕ್‌ಡೌನ್ ಎಲ್ಲರಿಗೂ ಬಾಯಿಪಾಠ. ಲಾಕ್‌ಡೌನ್‌ನಲ್ಲಿ ಕಂತು ಮುಂದೂಡಿಕೆಯಾದರೂ ಸಿಕ್ಕಿತು, ಸರ್ಕಾರದ ಗ್ಯಾರಂಟಿ ಮೇಲೆ ಹೆಚ್ಚುವರಿ ಸಾಲವಾದರೂ ಸಿಕ್ಕಿತು. 2018–19ರ ಮಂದಗತಿಯನ್ನು ಈಗ ಯಾರೂ ನೆನೆಯುವುದಿಲ್ಲ. 2018ರ ಜುಲೈನಲ್ಲಿ ಲಾರಿಗಳ ಆಕ್ಸಲ್ ಭಾರದ ಮಿತಿ ಏರಿಸಿದರು. ಇದ್ದ ಲಾರಿಯಲ್ಲೇ ಹೆಚ್ಚು ಸರಕು ಹೋಗುವಂತಾಗಿ ಹೊಸ ಲಾರಿಯ ಗರಜು ಕಡಿಮೆಯಾಯಿತು. ಸೆಪ್ಟೆಂಬರ್ ಹೊತ್ತಿಗೆ ಐಎಲ್‌ಎಫ್‌ಎಸ್ ಎಂಬ ದೊಡ್ಡ ಫೈನಾನ್ಸ್ ಸಂಸ್ಥೆ ಸಾಲ ತೀರಿಸಲಾಗದೆ ಮುಗ್ಗರಿಸಿತು, ವಾಹನ ಸಾಲ ಕೊಡುತ್ತಿದ್ದ ಫೈನಾನ್ಸ್ ಕಂಪನಿಗಳಿಗೆ ದುಡ್ಡು ಹುಟ್ಟುವುದೇ ಕಷ್ಟವಾಯಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಎಂದು ಕಂಪನಿಗಳು ಸ್ಟಾಕ್ ಇಳಿಸಿಕೊಂಡವು. ಇದ್ಯಾವುದೂ ಪೀಣ್ಯದಲ್ಲಿ ನಡೆದದ್ದಲ್ಲ. ಆದರೂ ಲಾರಿ ಬಿಡಿಭಾಗ ಮಾಡುತ್ತಿದ್ದ ಶೆಡ್‌ಗಳಲ್ಲಿ ಮೂರು ಶಿಫ್ಟ್ ಎರಡಾಗಿ, ಎರಡು ಒಂದಾಗಿ, ಕಡೆಗೆ ‘ಟು-ಲೆಟ್’ ಬೋರ್ಡ್ ಬಂತು. ಯಾವ ದಿನ ಶುರುವಾಯಿತು ಎಂದು ಕೇಳಿದರೆ ಯಾರಿಗೂ ಹೇಳಲಾಗದು. ಪರಿಹಾರ ಕೇಳಲೂ ಒಂದು ತಾರೀಕು ಬೇಕು.

7. ಮೆಷಿನ್ ಮೇಳದಲ್ಲಿ ಬೆಲೆ ಕೇಳಬೇಡಿ, ಡೆಲಿವರಿ ಕೇಳಿ.

ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಜನವರಿ ಹೊತ್ತಿಗೆ ಇಮ್‌ಟೆಕ್ಸ್ ಎಂಬ ಮೆಷಿನ್ ಮೇಳ ನಡೆಯುತ್ತದೆ. ಈಗ ಮೆಟ್ರೋದಲ್ಲೇ ಹೋಗಿಬರಬಹುದು. ಜನಜಂಗುಳಿ ಪ್ರತಿಸಲವೂ ಇರುತ್ತದೆ, ಕ್ಯಾಟಲಾಗ್ ಚೀಲವೂ ತುಂಬುತ್ತದೆ; ಅದರಿಂದ ಏನೂ ತಿಳಿಯುವುದಿಲ್ಲ. ಒಂದು ವಿಎಂಸಿ ಮೆಷಿನ್ ಬುಕ್ ಮಾಡಿದರೆ ಯಾವಾಗ ಕೊಡುತ್ತೀರಿ ಎಂದು ನಾಲ್ಕು ಸ್ಟಾಲಿನಲ್ಲಿ ಕೇಳಿ. ಅಡ್ವಾನ್ಸ್ ಇಟ್ಟು ಆರು ತಿಂಗಳು ಕಾಯಬೇಕು ಎಂದರೆ ನಗರ ದುಡ್ಡು ಹೂಡುತ್ತಿದೆ. ಆದರೆ ನೀವು ತಡವಾಗಿದ್ದೀರಿ: ಮೆಷಿನ್ ಇಳಿದು ಇಎಂಐ ಶುರುವಾಗುವ ಹೊತ್ತಿಗೆ ಪಕ್ಕದವರೆಲ್ಲ ಅದೇ ಮೆಷಿನ್ ಹಾಕಿ ಗಂಟೆಯ ರೇಟು ಇಳಿಸಿರುತ್ತಾರೆ. ‘ಸ್ಟಾಕ್‌ನಲ್ಲಿದೆ, ಮುಂದಿನ ವಾರ ಇಳಿಸ್ತೀವಿ, ಅಡ್ವಾನ್ಸ್ ಆಮೇಲೆ ಮಾತಾಡೋಣ’ ಎಂದರೆ ಅವರ ಗೋಡೌನ್ ತುಂಬಿದೆ ಎಂದರ್ಥ. ಪಾರ್ಟಿಯಿಂದ ದುಡ್ಡು ಸರಿಯಾದ ದಿನಕ್ಕೆ ಬರುತ್ತಿರುವವರಿಗೆ ರೇಟು ಜಗ್ಗಲು ಅದೇ ತಕ್ಕ ಸಮಯ.